ಕಣಕ್ಕೆ ಹೋದರೆ ಔಟು

ಶಿಕಾರಿಪುರದಲ್ಲಿ ನಾನೀಗ ನೆಟ್ಸ್ ನೋಡಿಕೊಳ್ಳುವ ಮೈದಾನಕ್ಕೆ ಹೊಸದಾಗಿ ಬರುವ ಹುಡುಗ ಹುಡುಗಿಯರು ಮೊದಲ ದಿನ ಕೇಳುವುದು ಒಂದೇ ಪ್ರಶ್ನೆ: ಸರ್, ಸಿಕ್ಸರ್ ಹೊಡೆಯುವುದು ಹೇಗೆ? ನಾನು ಅವರನ್ನು ಮೈದಾನದ ಸುತ್ತ ಓಡಲು ಕಳಿಸುತ್ತೇನೆ. ಓಡಿ ಸುಸ್ತಾಗಿ ಬಂದು ಕೂತ ಮೇಲೆ ಅವರಲ್ಲಿ ಯಾರಾದರೊಬ್ಬರು ಇನ್ನೊಂದು ಪ್ರಶ್ನೆ ಕೇಳುತ್ತಾರೆ: ಅಷ್ಟು ಜೋರಾಗಿ ಬರುವ ಬಾಲಿಗೆ ನಿಮಗೆ ಭಯ ಆಗುತ್ತಿರಲಿಲ್ಲವೇ? ಇದಕ್ಕೆ ಇಷ್ಟು ವರ್ಷ ನಕ್ಕು ಸುಮ್ಮನಾಗುತ್ತಿದ್ದೆ. ಆಡುವ ಕಾಲದಲ್ಲಿ ನಿಜ ಹೇಳುವಂತಿರಲಿಲ್ಲ. ಈಗ ಪ್ಯಾಡು ಬಿಚ್ಚಿಟ್ಟಾಗಿದೆ, ತಂಡದಿಂದ ತೆಗೆಯುತ್ತೇವೆ ಎಂದು ನನ್ನನ್ನು ಹೆದರಿಸುವವರು ಯಾರೂ ಇಲ್ಲ. ಹಾಗಾಗಿ ಬರೆಯುತ್ತಿದ್ದೇನೆ.

ರನ್ನು, ಸರಾಸರಿ, ಪ್ರಶಸ್ತಿ ಬೇಕಾದವರು ಫೋನಿನಲ್ಲಿ ನೋಡಿಕೊಳ್ಳಿ. ನಾನು ಆ ಸುದ್ದಿಗೆ ಹೋಗುವುದಿಲ್ಲ. ಬಿರುಸಿನ ಆಟಗಾರ, ಬಾಲು ಕಂಡರೆ ಬಿಡುವವನಲ್ಲ, ಭಯವೇ ಗೊತ್ತಿಲ್ಲದವನು ಎಂದೆಲ್ಲ ಪತ್ರಿಕೆಯವರು ನನ್ನ ಬಗ್ಗೆ ಬರೆದರು. ಭಾರತ ತಂಡಕ್ಕೆ ಇನಿಂಗ್ಸ್ ಆರಂಭಿಸುವವನ ಮೇಲೆ ಇಂಥ ಮಾತು ಒಮ್ಮೆ ಅಂಟಿದರೆ ಸುಲಭಕ್ಕೆ ಬಿಡುವುದಿಲ್ಲ. ಅದರಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು ಎಂಬುದು ಶಿರಾಳಕೊಪ್ಪದ ಕೆಲವರಿಗೆ ಮಾತ್ರ ಗೊತ್ತಿತ್ತು. ಅವರು ಬಾಯಿ ಬಿಡಲಿಲ್ಲ.

ನನ್ನ ಹೆಸರು ರುದ್ರೇಶ. ಹುಟ್ಟಿ ಬೆಳೆದದ್ದು ಶಿರಾಳಕೊಪ್ಪ. ಅಪ್ಪನದು ಬೀಜ ಗೊಬ್ಬರದ ಅಂಗಡಿ, ಅಮ್ಮನ ತವರು ಸೊರಬ ತಾಲ್ಲೂಕಿನ ಕುಬಟೂರು. ಸಂತೆ ಇಲ್ಲದ ದಿನಗಳಲ್ಲಿ ಸಂತೆ ಮೈದಾನವೇ ನಮ್ಮ ಸ್ಟೇಡಿಯಂ. ರಸ್ತೆಯ ಕಡೆ ಬಾಲು ಹೋಗಬಾರದೆಂದು ಯಾವಾಗಲೂ ಒಂದೇ ತುದಿಯಲ್ಲಿ ನಿಂತು ಬ್ಯಾಟ್ ಮಾಡುತ್ತಿದ್ದೆವು. ಅಲ್ಲಿ ನಿಂತರೆ ಎದುರಿಗೆ, ಬೌಲರ್‌ನ ಹಿಂದೆ, ಖಾಲಿ ಬಯಲು ಮತ್ತು ಕೆರೆ ಏರಿ. ಬಲಕ್ಕೆ ಸಂತೆಕಟ್ಟೆಗಳು. ಎಡಕ್ಕೆ ಸೊಂಟದೆತ್ತರದ ಗೋಡೆ, ಗೋಡೆಯಾಚೆ ಶಂಕ್ರಣ್ಣನ ಶುಂಠಿ ಕಣ.

ಶಂಕ್ರಣ್ಣ ಅಲ್ಲಿನ ಹಳೆಯ ವ್ಯಾಪಾರಸ್ಥರ ಮನೆಯವರು. ಹಣೆಗೆ ವಿಭೂತಿ, ಬಿಳಿ ಅಂಗಿ, ಬಾಯಲ್ಲಿ ಮಾತು ಕಡಿಮೆ. ಅವರ ಕಣದ ಸಿಮೆಂಟ್ ನೆಲದ ಮೇಲೆ ಹಸಿ ಶುಂಠಿ ಒಣಗುತ್ತಿರುತ್ತಿತ್ತು. ಬದಿಯಲ್ಲಿ ಹೆಂಗಸರು ಕೂತು ಶುಂಠಿಯ ಸಿಪ್ಪೆ ಹೆರೆಯುತ್ತಿದ್ದರು. ನಾನಿನ್ನೂ ಬ್ಯಾಟು ಹಿಡಿಯುವ ಮೊದಲು ಒಂದು ದಿನ ದೊಡ್ಡ ಹುಡುಗರಲ್ಲೊಬ್ಬ ಎಡಗಡೆಗೆ ಬೀಸಿ ಹೊಡೆದ ಕಾರ್ಕ್ ಬಾಲು ಗೋಡೆ ದಾಟಿ ಗಂಗಮ್ಮ ಎಂಬಾಕೆಯ ಹಣೆಗೆ ಬಡಿಯಿತು. ಹೊಲಿಗೆ ಬಿತ್ತು. ಇನ್ನು ಆಟ ಮುಗಿಯಿತೆಂದೇ ಎಲ್ಲರೂ ತಿಳಿದಿದ್ದರು. ಸಂಜೆ ಶಂಕ್ರಣ್ಣ ಗೋಡೆಯ ಹತ್ತಿರ ಬಂದು ನಿಂತು ಹೇಳಿದ್ದು ಬೇರೆಯೇ.

“ಆಡ್ರಿ, ಬ್ಯಾಡ ಅನ್ನಲ್ಲ. ಆದ್ರೆ ನಮ್ ಕಣಕ್ಕೆ ಬಾಲು ಬಂತು ಅಂದ್ರೆ ಹೊಡ್ದೋನು ಔಟು. ಯಾರ್ ಹಿಡೀಲಿ, ಬಿಡ್ಲಿ. ಔಟು ಅಂದ್ರೆ ಔಟು.”

ಅದೇ ರೂಲಾಯಿತು: ಗೋಡೆ ದಾಟಿದರೆ ಔಟು. ಬೇರೆ ಊರಿನ ತಂಡ ಬಂದರೂ ಟಾಸ್ ಹಾಕುವ ಮೊದಲು ಇದನ್ನು ತಿಳಿಸುತ್ತಿದ್ದೆವು. ಯಾರಾದರೂ ತಕರಾರು ಮಾಡಿದರೆ ಶಂಕ್ರಣ್ಣ ಕುರ್ಚಿಯಿಂದೆದ್ದು ಗೋಡೆಯ ಬಳಿ ನಿಂತು ಬೆರಳೆತ್ತುತ್ತಿದ್ದರು. ಅಂಪೈರ್ ಏನೆಂದರೂ ಆ ಬೆರಳಿಗೆ ಎದುರಾಡಿದವರನ್ನು ನಾನು ನೋಡಿಲ್ಲ. ಬಾಲು ಮರುದಿನ ಸಂಜೆಯೇ ವಾಪಸ್ ಸಿಗುತ್ತಿದ್ದುದು.

ಹೀಗಾಗಿ ನಮ್ಮೂರ ಹುಡುಗರಿಗೆ ಆಟದಲ್ಲಿ ಎಡಗಡೆ ಎನ್ನುವ ದಿಕ್ಕೇ ಇರಲಿಲ್ಲ. ಕಾಲಿನ ಮೇಲೆ ಬಾಲು ಬಿದ್ದರೆ ಲೋಕದ ಆಟಗಾರರೆಲ್ಲ ಲೆಗ್ ಸೈಡಿಗೆ ತಿರುಗಿಸುತ್ತಾರೆ. ನಾವು ಪಕ್ಕಕ್ಕೆ ಜಿಗಿದು ಅದನ್ನೇ ಬೌಲರ್‌ನ ತಲೆಯ ಮೇಲೆ ಕೆರೆ ಏರಿಗೆ ಎತ್ತುತ್ತಿದ್ದೆವು. ಪಕ್ಕೆಗೆ ಬಂದರೆ ಹಿಂದೆ ಸರಿದು ಸಂತೆಕಟ್ಟೆಗೆ ಬಾರಿಸುತ್ತಿದ್ದೆವು. ಶಿವಮೊಗ್ಗದಲ್ಲಿ ನನ್ನ ಆಟ ಮೊದಲ ಸಲ ನೋಡಿದ ಕೋಚ್, ಕಾಲ ಮೇಲಿನ ಬಾಲನ್ನು ಹೀಗೂ ಹೊಡೆಯಬಹುದೇ ಎಂದು ಪಕ್ಕದವರನ್ನು ಕೇಳಿದರಂತೆ. ಆಮೇಲೆ ಅದಕ್ಕೆ ಸ್ಟೈಲ್ ಎಂಬ ಹೆಸರು ಬಂತು. ಸ್ಟೈಲೂ ಅಲ್ಲ, ಮಣ್ಣೂ ಅಲ್ಲ. ಶಂಕ್ರಣ್ಣನ ಬೆರಳು ಅಷ್ಟೇ.

ಶಿವಮೊಗ್ಗದಿಂದ ರಾಜ್ಯಕ್ಕೆ, ರಾಜ್ಯದಿಂದ ದೇಶಕ್ಕೆ ಹೇಗೆ ಹೋದೆ ಎಂಬುದನ್ನು ಬಿಡುತ್ತೇನೆ. ನಮ್ಮ ಪಿಚ್‌ಗಳಲ್ಲಿ ಬಾಲು ಮೊಣಕಾಲಿನ ಮೇಲೆ ಏಳುವುದೇ ಕಷ್ಟ. ನನ್ನ ಕೊರತೆ ಯಾರಿಗೂ ಕಾಣಲಿಲ್ಲ. ನನಗೂ ಕಾಣಲಿಲ್ಲ ಎಂಬುದೇ ತಮಾಷೆ.

ಕಂಡದ್ದು ನನ್ನ ಮೊದಲನೆಯ ಟೆಸ್ಟ್‌ನಲ್ಲಿ. ಎದುರಿನ ತಂಡದಲ್ಲಿ ಬಹಳ ಎತ್ತರದ ವೇಗಿಯೊಬ್ಬನಿದ್ದ. ಅವನ ಹೆಸರು, ದೇಶ ಬರೆಯುವುದಿಲ್ಲ. ಬರೆದರೆ ನೀವು ಓದುವುದು ಬಿಟ್ಟು ಫೋನಿನಲ್ಲಿ ಅವನ ಬಾಲು ನೋಡುತ್ತಾ ಕೂರುತ್ತೀರಿ. ನಮ್ಮ ಡ್ರೆಸ್ಸಿಂಗ್ ರೂಮಿನಲ್ಲಿ ಅವನನ್ನು ಲಂಬು ಎನ್ನುತ್ತಿದ್ದರು. ಅವತ್ತು ಬೇರೊಬ್ಬ ಬೌಲರ್ ಹಾಕಿದ ಬಾಲು ನೇರ ನನ್ನ ಪಕ್ಕೆಗೆ ಬಂತು. ಸರಿಯಲು ಜಾಗವಿರಲಿಲ್ಲ, ಬ್ಯಾಟು ತಾನಾಗಿ ತಿರುಗಿತು. ಬಾಲು ಎಡಗಡೆ ಸ್ಕ್ವೇರ್ ಲೆಗ್ಗಿನ ಮೇಲೆ ಹಾರಿ ಜನರ ನಡುವೆ ಬಿತ್ತು. ಸಿಕ್ಸರ್. ನಾನು ಬ್ಯಾಟನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ತಲೆ ತಗ್ಗಿಸಿ, ಪೆವಿಲಿಯನ್ ಕಡೆ ನಡೆಯತೊಡಗಿದೆ.

ಸುಳ್ಳು ಹೇಳುತ್ತಿಲ್ಲ. ಕಾಲುಗಳು ಸಂತೆ ಮೈದಾನಕ್ಕೆ ಹೋಗಿಬಿಟ್ಟಿದ್ದವು. ಹಿಂದಿನಿಂದ ಅಂಪೈರ್ ಕೂಗುತ್ತಿದ್ದರೂ ಕೇಳಿಸಲಿಲ್ಲ. ಇನ್ನೊಂದು ತುದಿಯಲ್ಲಿದ್ದ ನಮ್ಮ ಕ್ಯಾಪ್ಟನ್ ಓಡಿಬಂದು ತೋಳು ಹಿಡಿದು ಎಲ್ಲಿಗೆ ಹೊರಟೆ ಎಂದು ಹಿಂದಿಯಲ್ಲಿ ಕೇಳಿದಾಗಲೇ ಎಚ್ಚರವಾದದ್ದು. ಇಡೀ ಮೈದಾನ ನಗುತ್ತಿತ್ತು. ಟೀವಿಯಲ್ಲಿ ವಿವರಣೆ ಕೊಡುವವರು ಬಿಸಿಲು, ಗಾಬರಿ, ನೀರು ಕುಡಿಯದಿರುವುದು ಎಂದು ಕಾರಣ ಹುಡುಕುತ್ತಿದ್ದರಂತೆ. ಶಿರಾಳಕೊಪ್ಪದ ಬಸ್‌ಸ್ಟ್ಯಾಂಡಿನ ಟೀವಿ ಮುಂದೆ ನಿಂತವರು ಮಾತ್ರ ಬಾಲು ಗಾಳಿಯಲ್ಲಿರುವಾಗಲೇ ಎಲ್ಲರೂ ಒಟ್ಟಿಗೆ ‘ಔಟು’ ಎಂದಿದ್ದರಂತೆ.

ಆ ನಗುವಿನಲ್ಲಿ ಒಬ್ಬ ಸೇರಿರಲಿಲ್ಲ. ಫೈನ್ ಲೆಗ್ಗಿನಲ್ಲಿ ನಿಂತಿದ್ದ ಲಂಬು ನನ್ನನ್ನೇ ನೋಡುತ್ತಿದ್ದ. ಈ ಮನುಷ್ಯನಿಗೆ ಆ ಕಡೆ ಹೊಡೆದು ಅಭ್ಯಾಸವೇ ಇಲ್ಲ ಎಂಬುದು ಅವನಿಗೆ ಆವತ್ತೇ ಹೊಳೆಯಿತು ಎಂದು ಎಷ್ಟೋ ವರ್ಷದ ಮೇಲೆ ಅವನೇ ಹೇಳಿದ.

ಇಲ್ಲಿ ಒಂದು ಮಾತು. ಆಗ ನಮ್ಮ ತಂಡದಲ್ಲಿ ಎದುರಾಳಿಯ ಬಗ್ಗೆ ತಿಳಿಯುವುದೆಂದರೆ ಊಟದ ಮೇಜಿನಲ್ಲಿ ಹಿರಿಯರು ಹೇಳಿದ್ದನ್ನು ಕೇಳಿಸಿಕೊಳ್ಳುವುದು. ಲ್ಯಾಪ್‌ಟಾಪ್ ಹಿಡಿದವರು ಆಮೇಲೆ ಬಂದರು. ಬಣ್ಣದ ಚುಕ್ಕಿಗಳನ್ನು ತೋರಿಸಿ, ನೋಡಿ ನಿಮ್ಮ ರನ್ನೆಲ್ಲ ಇಲ್ಲಿವೆ, ಇಲ್ಲಿ ಮಾತ್ರ ಖಾಲಿ ಎನ್ನುತ್ತಿದ್ದರು. ಖಾಲಿ ಜಾಗ ಸರಿಯಾಗಿ ಶಂಕ್ರಣ್ಣನ ಕಣದ ಆಕಾರದಲ್ಲಿತ್ತು. ನಾನು ನಕ್ಕೆ. ಅವರ ಕೆಲಸಕ್ಕೆ ನಗಬೇಡಿ, ಅದು ಒಳ್ಳೆಯ ಕೆಲಸ. ನಮ್ಮವರಿಗೆ ಆ ಚುಕ್ಕಿ ಸಿಗುವ ಹೊತ್ತಿಗೆ ಲಂಬುವಿನ ತಂಡದವರಿಗೆ ಅದು ಸಿಕ್ಕಿ ಹಳತಾಗಿತ್ತು.

ಅವರ ದೇಶದಲ್ಲಿ ನಡೆದ ಒಂದು ದಿನದ ಪಂದ್ಯವೊಂದರಲ್ಲಿ ಲಂಬು ಲೆಕ್ಕ ಚುಕ್ತಾ ಮಾಡಿದ. ಅರ್ಧ ಪಿಚ್‌ನಲ್ಲಿ ನೆಲಕ್ಕೆ ಬಡಿದು ಎದ್ದ ಬಾಲು ನನ್ನ ಜೊತೆಗೇ ಒಳಕ್ಕೆ ಬಂತು. ನಾನು ಹಿಂದೆ ಸರಿಯುವುದನ್ನು ಅವನು ಮೊದಲೇ ಎಣಿಸಿದ್ದ. ಹೆಲ್ಮೆಟ್ಟಿನ ಜಾಲರಿಯ ಕೆಳಗೆ, ದವಡೆಯ ಮೇಲೆ ಬಿತ್ತು. ಹಲ್ಲು ಮುರಿದ ಸದ್ದು ನನ್ನ ತಲೆಯ ಒಳಗಿನಿಂದಲೇ ಕೇಳಿಸಿತು. ಬಾಯಿ ತುಂಬ ರಕ್ತದ ರುಚಿ, ಹುಲ್ಲು ಕಣ್ಣಿನ ಪಕ್ಕದಲ್ಲಿ. ಮೊದಲು ಓಡಿಬಂದವನು ಲಂಬುವೇ. ಅವನ ಮುಖ ಬಿಳಿಚಿಕೊಂಡಿತ್ತು. ಈಗ ತಲೆಗೆ ಪೆಟ್ಟಾದರೆ ಡಾಕ್ಟರು ಒಂದಿಷ್ಟು ಪ್ರಶ್ನೆ ಕೇಳಿ, ಸಂಶಯ ಬಂದರೆ ಆಡಲು ಬಿಡುವುದಿಲ್ಲ. ಬಹಳ ಒಳ್ಳೆಯದು. ಆಗ ಎದ್ದು ನಿಲ್ಲುವವನು ಗಂಡಸು ಎನ್ನುವ ಕಾಲ. ನಾನು ಏಳಲು ಹೋಗಿ ಮತ್ತೆ ಬಿದ್ದೆ.

ದವಡೆ ಕೂಡಿಕೊಂಡಿತು. ಕೂಡಿಕೊಳ್ಳದ್ದು ಬೇರೆ. ವಾಪಸ್ ನೆಟ್ಸ್‌ಗೆ ಹೋದ ದಿನ, ಅಂಥದೇ ಶಾರ್ಟ್ ಬಾಲು ನೆಲಕ್ಕೆ ಬೀಳುವುದು ಕಾಣಿಸಿತು, ಆಮೇಲೆ ಏನೂ ಕಾಣಲಿಲ್ಲ. ಬಾಲು ಹೋಗಿ ಹಿಂದಿನ ಬಲೆಗೆ ಬಡಿದ ಸದ್ದು ಕೇಳಿತು. ನಾನು ಕಣ್ಣು ಮುಚ್ಚಿದ್ದೆ. ಇನ್ನೊಂದು ಹಾಕಿಸಿದೆ, ಮತ್ತೆ ಮುಚ್ಚಿದೆ. ಮುಚ್ಚಬಾರದು ಎಂದು ಹಲ್ಲು ಕಚ್ಚಿದರೂ ರೆಪ್ಪೆ ನನ್ನ ಮಾತು ಕೇಳಲಿಲ್ಲ.

ಈ ಕೆಲಸದಲ್ಲಿ ಮೊಣಕಾಲು ನೋವೆಂದರೆ ಮುಲಾಮು ಕೊಡುತ್ತಾರೆ, ರನ್ನು ಬರುತ್ತಿಲ್ಲವೆಂದರೆ ಸಮಯ ಕೊಡುತ್ತಾರೆ. ಹೆದರಿಕೆ ಎಂದರೆ ಏನೂ ಕೊಡುವುದಿಲ್ಲ. ಎದುರಾಳಿಗೆ ಗೊತ್ತಾದರೆ ಪ್ರತಿ ಓವರೂ ಅದೇ ಬಾಲು, ನಮ್ಮವರಿಗೆ ಗೊತ್ತಾದರೆ ಮನೆ. ಮುಚ್ಚಿಟ್ಟೆ. ನೆಟ್ಸ್‌ನಲ್ಲಿ ಮುಂದೆ ಬೀಳುವ ಬಾಲನ್ನೇ ಹಾಕಿಸಿಕೊಂಡು ದೂರ ದೂರಕ್ಕೆ ಹೊಡೆದು ಎಲ್ಲರನ್ನೂ ನಗಿಸುತ್ತಿದ್ದೆ. ರೂಮಿಗೆ ಬಂದು ಕನ್ನಡಿ ಮುಂದೆ ನಿಂತು ಮುಖದ ಎದುರು ಕೈ ಬೀಸಿಕೊಳ್ಳುತ್ತಿದ್ದೆ, ರೆಪ್ಪೆ ಬಡಿಯುತ್ತದೆಯೇ ನೋಡಲು. ಅಂಥ ತಿಂಗಳುಗಳು ನನ್ನ ವೈರಿಗೂ ಬೇಡ.

ಆಗಿನ ಕೋಚ್ ಬಹಳ ಕಟ್ಟುನಿಟ್ಟು. ಅವರಿಗೆ ಪೂರ್ತಿ ಗೊತ್ತಾಗದಿದ್ದರೂ ಏನೋ ಸರಿಯಿಲ್ಲವೆಂದು ಗೊತ್ತಾಗಿತ್ತು. ಮುಂದಿನ ಟೆಸ್ಟ್ ಸರಣಿ ಮತ್ತೆ ಲಂಬುವಿನ ದೇಶದಲ್ಲೇ ಇತ್ತು. ಹೊರಡುವ ಮೊದಲು ಊರಿಗೆ ಹೋಗಿ ಬಾ ಎಂದರು. ಬರುವಾಗ ಶಾರ್ಟ್ ಬಾಲಿಗೆ ಒಂದು ಉತ್ತರ ತೆಗೆದುಕೊಂಡು ಬಾ, ಬಿಡುತ್ತೀಯೋ ಹೊಡೆಯುತ್ತೀಯೋ ನನಗೆ ಬೇಕಿಲ್ಲ, ಉತ್ತರವಿಲ್ಲದೆ ಬಂದರೆ ನಿನ್ನ ಜಾಗದಲ್ಲಿ ಆಡುವವನು ರೆಡಿ ಇದ್ದಾನೆ ಎಂದರು. ಜೋರು ಮಾಡಲಿಲ್ಲ. ಜೋರು ಮಾಡಿದ್ದರೆ ವಾಸಿಯಿತ್ತು.

ಮನೆಯಲ್ಲಿ ಅಮ್ಮ ಮೆತ್ತಗೆ ಗಂಜಿ ಮಾಡಿ ಬಡಿಸಿ ಎದುರಿಗೆ ಕೂತು ನನ್ನ ದವಡೆಯನ್ನೇ ನೋಡುತ್ತಿದ್ದಳು. ಗಂಜಿ ಕುಡಿಯುವ ಕಾಲ ಮುಗಿದಿತ್ತು, ಹೇಳಿದರೆ ಕೇಳುವವಳಲ್ಲ.

“ಅಲ್ಲ ಮಾರಾಯ, ಅಷ್ಟ್ ದೂರದಿಂದ ಬರೋ ಬಾಲು ಕಾಣ್ಸಲ್ವಾ? ಬಗ್ಗಕ್ಕೆ ಏನಾಗಿತ್ತು ನಿಂಗೆ?” ಎಂದಳು.

ಕಾಣಿಸುವುದಿಲ್ಲ ಅಮ್ಮ ಎಂದು ಹೇಳಿಬಿಡಬೇಕು ಅನ್ನಿಸಿತು. ಬ್ಯಾಟು ತೆಗೆದುಕೊಂಡು ಸಂತೆ ಮೈದಾನಕ್ಕೆ ಹೋದೆ.

ಅಲ್ಲಿ ನಾಗರಾಜ ಸಿಕ್ಕಿದ. ಕ್ಯಾಸನೂರಿನವನು. ಶಿಕಾರಿಪುರ, ಸೊರಬ ಎರಡೂ ತಾಲ್ಲೂಕಿನಲ್ಲಿ ಅವನಷ್ಟು ಜೋರಾಗಿ ಬಾಲು ಹಾಕುವವರು ಆಗ ಇರಲಿಲ್ಲ. ಹೊಟ್ಟೆಪಾಡಿಗೆ ಮಿನಿ ಲಾರಿ ಓಡಿಸುತ್ತಿದ್ದ. ಶಂಕ್ರಣ್ಣನ ಕಣಕ್ಕೆ ಶುಂಠಿ ತಂದು ಇಳಿಸಿ ನಿಂತಿದ್ದವನಿಗೆ ಒಂದು ಶಾರ್ಟ್ ಬಾಲು ಹಾಕು ಎಂದೆ. ಹಾಕಿದ. ಬಾಲು ಕಿವಿಯ ಪಕ್ಕ ಹೋಯಿತು. ಅವನು ಓಡಿಬಂದ ವೇಗದಲ್ಲೇ ನನ್ನ ಹತ್ತಿರದವರೆಗೂ ಬಂದು ದನಿ ತಗ್ಗಿಸಿದ.

“ರುದ್ರೇಶಣ್ಣ, ಕಣ್ಣು ಮುಚ್ಚಿದ್ಯಲ್ಲ.”

“ಯಾರಿಗೂ ಹೇಳ್ಬೇಡ.”

“ನಾನ್ಯಾಕೆ ಹೇಳ್ಲಿ ಮಾರಾಯ.”

ಆದರೆ ಗೋಡೆಯ ಬಳಿ ಶಂಕ್ರಣ್ಣ ನಿಂತಿದ್ದರು. ಅವರಿಗೂ ಕಂಡಿತ್ತು. ನನ್ನನ್ನು ಕರೆದು, ಬಾಲು ಮೈ ಮೇಲೆ ಬಂದಾಗ ಉಳಿದವರೆಲ್ಲ ಎಡಕ್ಕೆ ಹೊಡೆಯುತ್ತಾರೆ, ನೀನ್ಯಾಕೆ ಹೊಡೆಯುವುದಿಲ್ಲ ಎಂದು ಕೇಳಿದರು. ನನಗೆ ಸಿಟ್ಟು ಎಲ್ಲಿತ್ತೋ ಬಂತು. ನೀವೇ ಔಟು ಅಂದ್ರಲ್ಲ ಶಂಕ್ರಣ್ಣ ಎಂದುಬಿಟ್ಟೆ. ಅಂದ ಮೇಲೆ ಕೆಟ್ಟದೆನಿಸಿತು. ಅವರು ಹಿಂದೆ ತಿರುಗಿ ಕಣದ ತುಂಬ ಹರವಿದ್ದ ಶುಂಠಿಯನ್ನು ನೋಡಿದರು. ನಾಳೆ ಬೆಳಿಗ್ಗೆ ಇಬ್ಬರೂ ಬನ್ನಿ ಎಂದು ಹೇಳಿ ಒಳಗೆ ಹೋದರು.

ಬೆಳಿಗ್ಗೆ ಹೋದರೆ ಅರ್ಧ ಕಣ ಖಾಲಿಯಾಗಿತ್ತು. ಒಳ್ಳೆಯ ಬಿಸಿಲಿನ ದಿನಗಳು, ಅಂಗೈಯಷ್ಟು ಜಾಗವೂ ಬಿಡದೆ ಶುಂಠಿ ಹರವುವ ಕಾಲ. ಅಲ್ಲಿ ಹರವಿದ್ದನ್ನೆಲ್ಲ ಬಾಚಿ ಶೆಡ್ಡಿನೊಳಗೆ ರಾಶಿ ಹಾಕಿಸಿದ್ದರು. ಹೆಂಗಸರು ಕೂರುವ ಕಡೆ ಅಡ್ಡಲಾಗಿ ಟಾರ್ಪಾಲು ಕಟ್ಟಿಸಿದ್ದರು. ಗಂಗಮ್ಮ ಎಲ್ಲರಿಗೂ ಕೇಳುವಂತೆ ಗೊಣಗುತ್ತಿದ್ದಳು. ಬಿಸ್ಲು ಇರೋ ಹೊತ್ನಾಗೆ ಶುಂಠಿ ನೆರಳಿಗೆ ಹಾಕೋ ಸಾಹುಕಾರ್ರನ್ನ ನಾನು ಇವತ್ತೇ ನೋಡಿದ್ದು ಎನ್ನುತ್ತಿದ್ದಳು. ಶಂಕ್ರಣ್ಣ ಅತ್ತ ಕಿವಿ ಕೊಡದೆ ಕುರ್ಚಿ ಹಾಕಿಕೊಂಡು ಕೂತರು. ಗೋಡೆಯ ಹೊರಗಲ್ಲ, ಒಳಗೆ, ಕಣದ ಮೇಲೆಯೇ ನಾನು ಬ್ಯಾಟು ಹಿಡಿದು ನಿಲ್ಲಬೇಕಿತ್ತು.

ಸಿಮೆಂಟಿನ ಮೇಲೆ ಒದ್ದೆ ಟೆನಿಸ್ ಬಾಲು ಹಾಕಿದರೆ ಎಷ್ಟು ಬೇಗ ಬರುತ್ತದೆ ಎಂದು ಹಾಕಿಸಿಕೊಂಡವರಿಗೆ ಗೊತ್ತು. ನಾಗರಾಜ ಬಕೀಟಿನಲ್ಲಿ ಅದ್ದಿ ಅದ್ದಿ ಹತ್ತಿರದಿಂದಲೇ ಎಸೆದ. ಎದೆಗೆ, ಹೆಗಲಿಗೆ, ಕೆನ್ನೆಗೆ. ಏಟಲ್ಲ, ಚುರುಕು. ಪ್ರತಿ ಸಲ ನಾನು ಕಣ್ಣು ಮುಚ್ಚಿದಾಗ ಕುರ್ಚಿಯಿಂದ ‘ಮುಚ್ದ’ ಎಂಬ ಒಂದೇ ಮಾತು ಬರುತ್ತಿತ್ತು. ದೇಶಕ್ಕೆ ಆಡುವವನು, ಒದ್ದೆ ಬಾಲಿಗೆ ಮುಖ ಕೊಟ್ಟು ನಿಂತು, ಶುಂಠಿ ವ್ಯಾಪಾರಿಯಿಂದ ‘ಮುಚ್ದ, ಮುಚ್ದ’ ಎನ್ನಿಸಿಕೊಳ್ಳುತ್ತಿದ್ದೆ. ಒಮ್ಮೆ ಬ್ಯಾಟು ಎಸೆದು ಹೊರಟೇಬಿಟ್ಟೆ. ಟಾರ್ಪಾಲಿನ ಸಂದಿಯಿಂದ ಗಂಗಮ್ಮ ಮುಖ ಹೊರಗೆ ಹಾಕಿದಳು. ಹಣೆಯ ಮೇಲೆ ಹಳೆಯ ಹೊಲಿಗೆಯ ಗೆರೆ.

“ಹೋಗಪ್ಪ, ಹೋಗು. ನಾನೂ ಆವತ್ತು ಮನಿಗ್ ಹೋಗಿದ್ರೆ ಚೆನ್ನಾಗಿತ್ತು. ಮರುದಿನ ಇಲ್ಲೇ ಬಂದು ಕುಂತೆ ನೋಡು, ಗೋಡೆ ಕಡಿಗೇ ಮುಖ ಮಾಡ್ಕಂಡು. ಎದಿ ಹೊಡ್ಕಳ್ತಿತ್ತು. ಈಗ್ಲೂ ಹೊಡ್ಕಳ್ತತೆ, ನಿಮ್ ಬಾಲು ಸದ್ದಾದ್ರೆ.”

ಅಷ್ಟು ವರ್ಷ ಆ ಗೋಡೆಯ ಈಚೆ ನಿಂತು ಆಡಿದವನು ನಾನು. ಆಚೆ ಕೂತವಳು ಪ್ರತಿ ಬಾಲಿಗೂ ಹೆದರುತ್ತಾ ಕೆಲಸ ಮಾಡುತ್ತಿದ್ದಳು ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ನಾಚಿಕೆಯೂ ಆಯಿತು, ಏನೋ ಹಗುರವೂ ಆಯಿತು. ಹೆದರಿಕೆ ಹೋದ ಮೇಲೆ ಆಡುತ್ತೇನೆ ಎಂದು ನಾನು ಕಾಯುತ್ತಿದ್ದೆ. ಅದು ಹೋಗುವುದೇ ಇಲ್ಲ, ಅದನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಕೆಲಸ ಮಾಡಬೇಕು ಎಂದು ಆ ಹೊತ್ತಿಗೆ ಗೊತ್ತಾಯಿತು. ವಾಪಸ್ ಬಂದು ಬ್ಯಾಟು ಎತ್ತಿಕೊಂಡೆ.

ಕಣ್ಣು ಒಂದೇ ದಿನಕ್ಕೆ ತೆರೆಯಲಿಲ್ಲ. ‘ಮುಚ್ದ’ ಎನ್ನುವುದು ನಿಧಾನಕ್ಕೆ ಕಡಿಮೆಯಾಯಿತು. ಟೆನಿಸ್ ಬಾಲು ಹೋಗಿ ಕಾರ್ಕ್ ಬಾಲು ಬಂತು, ನಾಗರಾಜ ದೂರದಿಂದ ಓಡಿಬರತೊಡಗಿದ. ಒಂದು ಬೆಳಿಗ್ಗೆ ಅವನು ಹಾಕಿದ ಬಾಲು ಗಂಟಲಿನ ಎತ್ತರಕ್ಕೆ ಎದ್ದಿತು. ಅದರ ಹೊಲಿಗೆ ಕೊನೆಯವರೆಗೂ ಕಂಡಿತು. ತಿರುಗಿ ಹೊಡೆದೆ. ಬಾಲು ಎಡಗಡೆ ಶೆಡ್ಡಿನ ಮೇಲಿಂದ ಹಾರಿ ಆಚೆ ರಸ್ತೆಗೆ ಹೋಯಿತು. ಅಭ್ಯಾಸಬಲದಿಂದ ಶಂಕ್ರಣ್ಣನ ಕಡೆ ನೋಡಿದೆ. ಬೆರಳೆತ್ತಿರಲಿಲ್ಲ. ಎರಡೂ ಕೈ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು. ಇನ್ನೊಂದು ಹಾಕು ಎಂದು ನಾಗರಾಜನಿಗೆ ಹೇಳಿದರು.

ಹೊರಡುವ ದಿನ ಶಂಕ್ರಣ್ಣನ ಕಾಲಿಗೆ ನಮಸ್ಕಾರ ಮಾಡಲು ಹೋದೆ. ಕಣದಲ್ಲಿ ಆಗಲೇ ಶುಂಠಿ ಮತ್ತೆ ಹರವಿತ್ತು.

“ಇದು ನಿಂಗೆ ಮಾತ್ರ ಬಿಟ್ಟಿದ್ದು, ಊರಿಗಲ್ಲ,” ಎಂದರು. “ಹೊರಗಡೆ ಆಡೋವಾಗ ಹೊಡಿ. ಇಲ್ಲಿ ಮಾತ್ರ ಔಟು ಅಂದ್ರೆ ಔಟೇ.”

ಆ ಸರಣಿಯ ಮೊದಲ ಟೆಸ್ಟ್‌ನ ಮೊದಲ ಇನಿಂಗ್ಸ್‌ನಲ್ಲಿ ಲಂಬು ನನ್ನನ್ನು ಬಂದಷ್ಟೇ ಬೇಗ ಕಳಿಸಿದ. ಕಣ್ಣು ತೆರೆದೇ ಇತ್ತು, ಕೈ ಹೆದರಿತು. ಬಾಲು ಗ್ಲೌಸಿಗೆ ತಾಗಿ, ಪಕ್ಕದಲ್ಲೇ ನಿಂತಿದ್ದ ಶಾರ್ಟ್ ಲೆಗ್‌ನವನ ಕೈಗೆ ಹೋಯಿತು. ಡ್ರೆಸ್ಸಿಂಗ್ ರೂಮಿನಲ್ಲಿ ಕೋಚ್ ನನ್ನ ಜಾಗಕ್ಕೆ ರೆಡಿ ಇದ್ದವನನ್ನು ಕರೆದು ನೆಟ್ಸ್‌ಗೆ ಕಳಿಸಿದರು. ನಾನು ನೋಡಲಿ ಎಂದೇ ಮಾಡಿದ್ದು.

ಕೊನೆಯ ದಿನ ಪಂದ್ಯ ಉಳಿಸಿಕೊಳ್ಳಲು ನಾವು ಸಂಜೆಯವರೆಗೆ ಆಡಬೇಕಿತ್ತು. ಊಟದ ಹೊತ್ತಿಗೆ ಒಂದಷ್ಟು ವಿಕೆಟ್ ಹೋಗಿದ್ದವು, ನಾನು ಹೇಗೋ ಇದ್ದೆ, ಜೊತೆಯಲ್ಲಿ ಕ್ಯಾಪ್ಟನ್. ಊಟದ ನಂತರ ಲಂಬು ಬಾಲು ಕೈಗೆ ತೆಗೆದುಕೊಂಡು, ನನಗೆ ಕಾಣುವಂತೆ, ಲೆಗ್ ಸೈಡಿನ ಬೌಂಡರಿಗೆ ಇಬ್ಬರನ್ನು ಕಳಿಸಿದ. ಶಾರ್ಟ್ ಲೆಗ್‌ನವನು ನನ್ನ ಉಸಿರು ಕೇಳುವಷ್ಟು ಹತ್ತಿರ ಬಂದು ಕುಕ್ಕರಿಸಿದ. ಏನು ಬರುತ್ತದೆ ಎಂದು ಮೈದಾನದಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಮೊದಲನೆಯದನ್ನು ಬಗ್ಗಿ ಬಿಟ್ಟೆ. ಇನ್ನೊಂದು ಪಕ್ಕೆಗೆ ಬಿತ್ತು, ಉಸಿರು ಸಿಕ್ಕಿಕೊಂಡಿತು. ಮತ್ತೊಂದು ತೋಳಿಗೆ. ಉಜ್ಜಿಕೊಳ್ಳಲಿಲ್ಲ, ಉಜ್ಜಿಕೊಂಡರೆ ಅವನಿಗೆ ಖುಷಿ. ಓವರ್ ಮುಗಿದಾಗ ಕ್ಯಾಪ್ಟನ್ ಬಂದು, ಹೊಡೆಯಲೇಬೇಡ, ಅವನು ಸುಸ್ತಾಗುತ್ತಾನೆ, ಮೈಗೆ ತಗೋ ಎಂದರು. ಸರಿಯಾದ ಸಲಹೆಯೇ. ಒಂದಷ್ಟು ಓವರ್ ಹಾಗೇ ಮಾಡಿದೆ. ಆದರೆ ಪ್ರತಿ ಬಾಲೂ ಹಿಂದಿನದಕ್ಕಿಂತ ಸ್ವಲ್ಪ ಹತ್ತಿರ ಬರುತ್ತಿತ್ತು, ಶಾರ್ಟ್ ಲೆಗ್‌ನವನು ಸ್ವಲ್ಪ ಸ್ವಲ್ಪವೇ ಮುಂದಕ್ಕೆ ಜರುಗುತ್ತಿದ್ದ. ಹೊಡೆಯುವುದೇ ಇಲ್ಲವೆಂದು ಲಂಬುವಿಗೆ ಖಾತ್ರಿಯಾದರೆ ಮುಂದಿನದು ಎಲ್ಲಿ ಬೀಳುತ್ತದೆ ಎಂದು ನನ್ನ ದವಡೆಗೆ ಗೊತ್ತಿತ್ತು. ಎದೆ ಹೊಡೆದುಕೊಳ್ಳುತ್ತಿತ್ತು. ಗೋಡೆಯ ಕಡೆಗೇ ಮುಖ ಮಾಡಿ ಕೂತವಳು ನೆನಪಾದಳು.

ಅವನು ಓಡಿಬಂದ. ಬಾಲು ಅದೇ ಜಾಗದಲ್ಲಿ ಬಿದ್ದು ಅದೇ ಹಾದಿಯಲ್ಲಿ ದವಡೆಗೇ ಎದ್ದಿತು. ಕಣ್ಣು ತೆರೆದಿತ್ತು. ಹೊಲಿಗೆ ಕಾಣುತ್ತಿತ್ತು. ತಿರುಗಿ ಹೊಡೆದೆ.

ಪೂರ್ತಿ ಸಿಕ್ಕಲಿಲ್ಲ. ಬ್ಯಾಟಿನ ಮೇಲ್ಭಾಗಕ್ಕೆ ತಾಗಿ ಬಾಲು ಬಹಳ ಎತ್ತರಕ್ಕೆ ಹೋಯಿತು. ಬೌಂಡರಿಯಲ್ಲಿದ್ದವನು ಹಿಂದೆ ಹಿಂದೆ ಸರಿದು ಹಗ್ಗದ ಒಳಗೆ ನಿಂತು ಕೈ ಎತ್ತಿದ. ನನ್ನ ಕಾಲುಗಳು, ಆ ಹಾಳು ಕಾಲುಗಳು, ಪೆವಿಲಿಯನ್ ಕಡೆ ತಿರುಗಲು ಎಳೆಯುತ್ತಿದ್ದವು. ಬ್ಯಾಟನ್ನು ಕ್ರೀಸಿಗೆ ಊರಿ ಅದರ ಮೇಲೆ ಭಾರ ಹಾಕಿ ನಿಂತೆ. ಔಟಾದರೆ ಆಗಲಿ, ಅಂಪೈರ್ ಹೇಳಿದ ಮೇಲೆ ಹೋಗುತ್ತೇನೆ. ಅವನು ಹಾರಿದ. ಬಾಲು ಬೆರಳ ತುದಿಗೆ ತಾಗಿ ಹಗ್ಗದಾಚೆ ಬಿತ್ತು.

ಲಂಬು ನನ್ನ ಹತ್ತಿರದವರೆಗೂ ನಡೆದು ಬಂದ. ಬಯ್ಯುತ್ತಾನೆ ಎಂದುಕೊಂಡೆ. ಮೆಲ್ಲಗೆ, ಇವತ್ತು ಹೊರಟು ಹೋಗುವುದಿಲ್ಲವೇ ಎಂದು ಕೇಳಿದ. ಅಷ್ಟು ವರ್ಷದ ಹಿಂದಿನದನ್ನು ನೆನಪಿಟ್ಟುಕೊಂಡಿದ್ದ. ಇಲ್ಲ ಎಂದೆ. ಮುಂದಿನ ಓವರಿನಲ್ಲಿ ಅವನು ಹಾಗೇ ಇನ್ನೊಂದು ಹಾಕಿದ, ಅದು ಮಾತ್ರ ಪೂರ್ತಿ ಸಿಕ್ಕಿತು. ಆಮೇಲೆ ಅವನು ಆ ಬಾಲು ಹಾಕುವುದನ್ನೇ ಬಿಟ್ಟ, ಲೆಗ್ ಸೈಡಿನ ಇಬ್ಬರೂ ಒಳಕ್ಕೆ ಬಂದರು, ಶಾರ್ಟ್ ಲೆಗ್‌ನವನು ಎದ್ದು ದೂರ ಹೋದ. ಪಂದ್ಯ ಡ್ರಾ ಆಯಿತು. ನಾನು ಸಂಜೆ ಹೊತ್ತಿಗೆ ಒಬ್ಬ ಸಾಧಾರಣ ಸ್ಪಿನ್ನರ್‌ಗೆ ಪೆದ್ದನ ಹಾಗೆ ಔಟಾದೆ, ಅದನ್ನು ಯಾರೂ ನೆನಪಿಟ್ಟಿಲ್ಲ, ಪುಣ್ಯ. ಕೋಚ್ ನನ್ನ ಪಕ್ಕೆಯ ಮೇಲಿನ ನೀಲಿ ಗುರುತುಗಳನ್ನು ನೋಡಿ, ಉತ್ತರ ಎಲ್ಲಿ ಸಿಕ್ಕಿತು ಎಂದು ಕೇಳಿದರು. ಶುಂಠಿ ಕಣದಲ್ಲಿ ಎಂದರೆ ಅವರಿಗೆ ಹೇಗೆ ಅರ್ಥವಾಗಬೇಕು? ಊರಿನಲ್ಲಿ ಎಂದೆ.

ಮುಂದೆ ಬಹಳ ವರ್ಷ ಆಡಿದೆ. ಹೆದರಿಕೆ ಕೊನೆಯ ಪಂದ್ಯದವರೆಗೂ ಜೊತೆಯಲ್ಲೇ ಇತ್ತು. ಮಕ್ಕಳೇ, ತನಗೆ ಭಯ ಆಗುವುದಿಲ್ಲವೆಂದು ಯಾರಾದರೂ ಸೀನಿಯರ್ ಹೇಳಿದರೆ ನಂಬಬೇಡಿ. ಅವನಿಗೆ ಇನ್ನೂ ಸರಿಯಾದ ಬಾಲು ಬಿದ್ದಿಲ್ಲ, ಇಲ್ಲವೇ ಅವನು ಕನ್ನಡಿ ಮುಂದೆ ನಿಂತು ಕೈ ಬೀಸಿಕೊಳ್ಳುತ್ತಿದ್ದಾನೆ.

ನಿವೃತ್ತಿಯಾಗಿ ಬಂದಾಗ ಊರಿನವರು ಸಂತೆ ಮೈದಾನದಲ್ಲೇ ನನಗೊಂದು ಪಂದ್ಯ ಇಟ್ಟುಕೊಂಡರು. ಶಾಮಿಯಾನ, ಮೈಕು, ಹಾರ. ನಾಗರಾಜ ಬಿಳಿ ಕೋಟು ಹಾಕಿಕೊಂಡು ಅಂಪೈರ್ ಆಗಿ ನಿಂತಿದ್ದ. ಶಂಕ್ರಣ್ಣನಿಗೆ ವಯಸ್ಸಾಗಿತ್ತು, ಕಣದ ಗೋಡೆಯ ಪಕ್ಕದಲ್ಲಿ ಕುರ್ಚಿ ಹಾಕಿ ಕೂರಿಸಿದ್ದರು. ಗಂಗಮ್ಮ ಗೋಡೆಯಾಚೆ ನಿಂತಿದ್ದಳು. ನನ್ನನ್ನು ಔಟ್ ಮಾಡಿ ಹೆಸರು ಮಾಡಬೇಕೆಂದಿದ್ದ ಸೊರಬದ ಕಡೆಯ ವೇಗಿಯೊಬ್ಬ, ಮರ್ಯಾದೆ ಗಿರ್ಯಾದೆ ನೋಡದೆ ನೇರ ಗಂಟಲಿಗೆ ಹಾಕಿದ. ನನಗೆ ಖುಷಿಯಾಯಿತು. ಯೋಚಿಸುವ ಮೊದಲೇ ಮೈ ತಿರುಗಿತ್ತು. ಬಾಲು ಗೋಡೆ ದಾಟಿ, ಕಣ ದಾಟಿ, ಶೆಡ್ಡಿನ ಮೇಲೆ ಹಾರಿತು. ನನ್ನ ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಇನ್ನೊಂದು ಹೊಡೆದಿಲ್ಲ.

ಜನ ಕೂಗಲು ಬಾಯಿ ತೆರೆದವರು ಸುಮ್ಮನಾದರು. ನಾಗರಾಜ ಏನು ಮಾಡಬೇಕೆಂದು ತಿಳಿಯದೆ ಕುರ್ಚಿಯ ಕಡೆ ನೋಡಿದ. ಶಂಕ್ರಣ್ಣ ಗೋಡೆ ಹಿಡಿದು ನಿಧಾನವಾಗಿ ಎದ್ದು ನಿಂತರು. ನನ್ನನ್ನು ನೋಡಿದರು. ಆ ಮುಖದಲ್ಲಿ ಸಿಟ್ಟಿರಲಿಲ್ಲ, ಕಣ್ಣು ತುಂಬಿಕೊಂಡಿತ್ತು. ಬೆರಳನ್ನು ಮೇಲಕ್ಕೆತ್ತಿದರು.

ಬ್ಯಾಟನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನಡೆದೆ. ಮೊದಲನೆಯ ಸಲ ಹೀಗೇ ನಡೆದಿದ್ದಾಗ ಅಂಪೈರ್ ಕೂಗಿದ್ದರು, ಕ್ಯಾಪ್ಟನ್ ಓಡಿಬಂದಿದ್ದರು. ಅದಕ್ಕೇ ಶಾಮಿಯಾನ ಮುಟ್ಟುವವರೆಗೂ ಹಿಂದಕ್ಕೆ ಕಿವಿ ಕೊಟ್ಟೇ ಹೆಜ್ಜೆ ಹಾಕಿದೆ. ಈ ಸಲ ಯಾರೂ ನನ್ನನ್ನು ವಾಪಸ್ ಕರೆಯಲಿಲ್ಲ.